ತಟ್ಟಿಯ ಆಚೆ ಅಪ್ಪ

ನಾನೂ ನಮ್ಮಪ್ಪನೂ ವರ್ಷಗಟ್ಟಲೆ ಒಂದೇ ದುಕಾನಿನಲ್ಲಿ, ಒಂದೇ ಗಡಿಗೆಯಿಂದ ಬಗ್ಗಿಸಿದ ಶೇಂದಿ ಕುಡಿದೆವು. ಆದರೆ ಒಂದು ದಿನವೂ ಎದುರುಬದುರು ಕೂತು ಕುಡಿಯಲಿಲ್ಲ. ನಮ್ಮಿಬ್ಬರ ನಡುವೆ ಒಂದು ತಟ್ಟಿ ಇತ್ತು. ತೊಗರಿ ಕಟ್ಟಿಗೆಯನ್ನು ಒತ್ತಾಗಿ ಹೆಣೆದು, ಸೆಗಣಿ ಬಳಿದು, ಎರಡು ಗೂಟಗಳಿಗೆ ಬಿಗಿದು ನಿಲ್ಲಿಸಿದ ತಟ್ಟಿ. ನಿಂತರೆ ಆಚೆಯವರ ತಲೆ ಕಾಣುತ್ತಿತ್ತು, ಕೂತರೆ ಏನೂ ಕಾಣುತ್ತಿರಲಿಲ್ಲ. ಆಚೆ ಅಪ್ಪ, ಈಚೆ ನಾನು. ಅಪ್ಪ ಬಂದಿದ್ದಾನೆಂದು ನನಗೆ ಗೊತ್ತು, ನಾನು ಬಂದಿದ್ದೇನೆಂದು ಅಪ್ಪನಿಗೆ ಗೊತ್ತು. ಗೊತ್ತಿಲ್ಲವೆಂದು ಇಬ್ಬರೂ ನಡೆದುಕೊಳ್ಳುತ್ತಿದ್ದೆವು.

ಶೇಂದಿ ಎಂದ ಕೂಡಲೇ ಮೂಗು ಮುರಿಯುವವರು ಬಹಳ ಮಂದಿ ಇದ್ದಾರೆ. ಮುರಿಯಲಿ, ಅವರ ಮೂಗು. ಅವರು ಕಂಡದ್ದು ಆಮೇಲೆ ಬಂದ ಪುಡಿ ಬೆರೆಸಿದ ನೀರನ್ನು. ನಾನು ಹೇಳುತ್ತಿರುವುದು ಈಚಲ ಗಿಡದ ಹಾಲನ್ನು. ಬೆಳಗ್ಗೆ ಗಿಡದಿಂದ ಇಳಿಸಿದಾಗ ಅದು ಎಳನೀರಿಗಿಂತ ಸಿಹಿ. ಬಿಸಿಲು ಏರಿದಂತೆ ಗಡಿಗೆಯೊಳಗೆ ಸಣ್ಣಗೆ ಗುಳುಗುಳು ಶುರುವಾಗುತ್ತದೆ, ನೊರೆ ಕಂಠಕ್ಕೆ ಬರುತ್ತದೆ. ಸಂಜೆಯ ಹೊತ್ತಿಗೆ ಸಿಹಿ ಹಿಂದೆ ಸರಿದು ಹುಳಿ ಮುಂದೆ ಬಂದಿರುತ್ತದೆ, ನಾಲಿಗೆಯ ಅಂಚಿಗೆ ಸ್ವಲ್ಪ ಒಗರು. ಮರುದಿನ ಅದನ್ನು ಚೆಲ್ಲಬೇಕು. ಹೀಗೆ ದಿನವೂ ಹುಟ್ಟಿ ದಿನವೂ ಸಾಯುವ ಪಾನೀಯ ಅದು. ಅಮಲು ಕಡಿಮೆ. ಬಿದ್ದು ಹೊರಳಬೇಕೆನ್ನುವವರಿಗೆ ಸಾರಾಯಿ ಅಂಗಡಿ ಬೇರೆಯೇ ಇತ್ತು. ಶೇಂದಿ ಕುಡಿಯುವವನು ಮಣ್ಣಿನ ಮಗಿ ಹಿಡಿದು ಕೂತರೆ, ಗುಟುಕಿಗೊಂದು ಮಾತು ಆಡುತ್ತಾ ಒಂದು ಇಡೀ ಸಂಜೆಯನ್ನು ಕಳೆದು, ಆಮೇಲೆ ಎದ್ದು ನೆಟ್ಟಗೆ ಮನೆಗೆ ನಡೆದು ಹೋಗುತ್ತಿದ್ದ.

ದುಕಾನು ಇದ್ದದ್ದು ವಾಡಿಯಿಂದ ಶಹಾಬಾದಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಒಂದು ಹುಣಸೆ ಮರದ ಕೆಳಗೆ. ಮೇಲೆ ಈಚಲ ಗರಿಯ ಚಪ್ಪರ, ಕೆಳಗೆ ಕೂರಲು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಒಡೆದ ತುಂಡುಗಳು. ನಮ್ಮ ಕಡೆ ಕಲ್ಲಿಗೇನು ಬರ! ಮಾಲಕಿ ಒಬ್ಬ ವಿಧವೆ. ಅವಳ ಅಣ್ಣತಮ್ಮಂದಿರು ಗಿಡ ಹತ್ತುವವರು. ಕಾಗಿಣಾ ದಂಡೆಯ ಈಚಲ ಬನಗಳಿಂದ, ಸೇಡಂ ಕಡೆಯಿಂದ, ಸುಗ್ಗಿಯಲ್ಲಿ ಒಮ್ಮೊಮ್ಮೆ ಚಿಂಚೋಳಿಯ ಗುಡ್ಡದ ಕಡೆಯಿಂದಲೂ ಅವಳ ಗಡಿಗೆಗಳು ಬರುತ್ತಿದ್ದವು. ಅವಳನ್ನು ಎಲ್ಲರೂ ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು. ಅವಳಿಗಿಂತ ಹಿರಿಯರೂ ಚಿಗವ್ವ ಎನ್ನುತ್ತಿದ್ದರು, ಅವಳು ಯಾರಿಗೂ ಬೇಡವೆನ್ನಲಿಲ್ಲ.

ತಟ್ಟಿಯ ಆಚೆಗೆ ಹಿರೇರ ಕಡೆ, ಈಚೆಗೆ ಹುಡುಗರ ಕಡೆ. ಹುಡುಗರೆಂದರೆ ವಯಸ್ಸಿನ ಲೆಕ್ಕವಲ್ಲ. ಆಚೆ ಕಡೆ ನಿಮ್ಮ ಅಪ್ಪನೋ, ದೊಡ್ಡಪ್ಪನೋ, ಮಾವನೋ ಕೂರುವವನಾಗಿದ್ದರೆ ನೀವು ಹುಡುಗರು. ನನ್ನ ಜೊತೆ ಒಬ್ಬ ಕೂರುತ್ತಿದ್ದ, ಮೀಸೆ ಬೆಳ್ಳಗಾಗಿತ್ತು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದವನು. ಆದರೆ ಅವನ ಅಪ್ಪ, ಕಿವಿ ಮಂದವಾಗಿದ್ದ ಮುದುಕ, ಕೋಲೂರಿಕೊಂಡು ಬಂದು ಆಚೆ ಕೂರುತ್ತಿದ್ದ. ಹಾಗಾಗಿ ಇವನು ಹುಡುಗನೇ. ಅಪ್ಪನ ಕೆಮ್ಮು ಕೇಳಿಸಿದರೆ ಬೀಡಿಯನ್ನು ಮುಷ್ಟಿಯಲ್ಲಿ ಮುಚ್ಚಿಡುತ್ತಿದ್ದ.

ಇದನ್ನು ಕಪಟ ಎಂದವರೂ ಇದ್ದಾರೆ. ಬೆಂಗಳೂರಿನಿಂದ ನಮ್ಮ ಫ್ಯಾಕ್ಟರಿಗೆ ಬಂದ ಒಬ್ಬ ಸಾಹೇಬರು ಕೇಳಿ ಬಿದ್ದು ಬಿದ್ದು ನಕ್ಕರು. ಅಪ್ಪನಿಗೆ ಗೊತ್ತು, ಮಗನಿಗೆ ಗೊತ್ತು, ಮತ್ತೆ ತಟ್ಟಿ ಯಾರಿಗೆ ಎಂದರು. ನನಗೆ ಸಿಟ್ಟು ಬಂದಿತ್ತು. ಗೊತ್ತಿರುವುದನ್ನೆಲ್ಲ ಎದುರಿಗೆ ತಂದು ಹರವಲೇಬೇಕೇನು? ಮೈ ಇದೆಯೆಂದು ಎಲ್ಲರಿಗೂ ಗೊತ್ತಿದ್ದರೂ ಅಂಗಿ ತೊಡುವುದಿಲ್ಲವೇ?

ಆ ದುಕಾನಿಗೆ ಒಂದೆರಡು ರೀತಿ ರಿವಾಜು ಇದ್ದವು. ಹಿರಿಯರು ಮೊದಲು ಏಳಬೇಕು, ಅವರು ರಸ್ತೆಯ ತಿರುವು ದಾಟಿದ ಮೇಲೆ ಹುಡುಗರು ಏಳಬೇಕು. ಇನ್ನೊಂದು, ಹಿರಿಯರಿಗೆ ಏನಾದರೂ ಪೋಲಿ ಕಥೆಯೋ, ಮನೆಯ ಗುಟ್ಟೋ ಹೇಳುವ ಲಹರಿ ಬಂದರೆ, ಮೊದಲು ತಟ್ಟಿಗೆ ಬೆರಳಿನಿಂದ ಕುಟ್ಟಿ ಕೇಳುತ್ತಿದ್ದರು:

“ಆಚೀ ಕಡಿ ಯಾರರ ಅದಾರೇನು?”

ನಾವೆಲ್ಲ ಒಟ್ಟಿಗೆ ಕೂಗುತ್ತಿದ್ದೆವು: “ಯಾರೂ ಇಲ್ರೀ!”

“ಯಾರೂ ಇಲ್ಲಂದ್ರ ಹೇಳಾಕ ಏನಡ್ಡಿ,” ಎಂದು ಅವರು ಕಥೆ ಶುರು ಮಾಡುತ್ತಿದ್ದರು. ನಾವು ಈಚೆ ಬಾಯಿಗೆ ಟವೆಲ್ ತುರುಕಿಕೊಂಡು ನಗುತ್ತಿದ್ದೆವು. ಚಿಗವ್ವ ನಡುವೆ ನಿಂತು ಎರಡೂ ಕಡೆಗೆ ಬಗ್ಗಿಸುತ್ತಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆ ಬಿಳಿಮೀಸೆಯವನ ಅಪ್ಪ ತೀರಿಕೊಂಡಾಗ ಒಂದು ಸಂಗತಿ ನೋಡಿದೆ. ಸೂತಕದ ದಿನಗಳೆಲ್ಲ ಮುಗಿದ ಮೇಲೆ ಅವನು ಎಂದಿನಂತೆ ನಮ್ಮ ಪಕ್ಕ ಬಂದು ಕೂತ. ಆಚೆಯಿಂದ ಒಬ್ಬ ಹಿರಿಯರು, “ಬಾರಪ್ಪ, ಇನ್ ಈ ಕಡಿ ಬಾ,” ಎಂದರು. ನಾವು ಮೊದಲು ನಕ್ಕೆವು, ಹುಡುಗ ದೊಡ್ಡವನಾದ ಎಂದು ಚುಡಾಯಿಸಿದೆವು. ಅವನು ಮಗಿ ಹಿಡಿದು ಎದ್ದ. ತಟ್ಟಿ ಸುತ್ತಿ ಹೋಗುವಷ್ಟರಲ್ಲಿ ಗಳಗಳ ಅಳತೊಡಗಿದ. ಹೊಸದಾಗಿ ಆಚೆ ಹೋದವನೇ ಆ ದಿನ ತಟ್ಟಿ ಕುಟ್ಟಿ ಕೇಳಬೇಕು. ಅವನು ಅಳುತ್ತಲೇ ಕೇಳಿದ, ನಾವು ಈಚೆಯಿಂದ ಹೇಗೋ ಉತ್ತರ ಕೊಟ್ಟೆವು. ನನ್ನ ಸರದಿ ಎಂದೂ ಬಾರದಿರಲಿ ಎಂದು ಅಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಏಕೆಂದರೆ ಆ ತಟ್ಟಿ ನನಗೆ ಅಪ್ಪನನ್ನು ಕೊಟ್ಟಿತ್ತು. ಮನೆಯಲ್ಲಿ ಅಪ್ಪ ಎಂದರೆ ಮಾತಿಲ್ಲದ ಒಂದು ಬೆನ್ನು. ಫರ್ಸಿ ಖಣಿಯಲ್ಲಿ ದಿನವಿಡೀ ಕಲ್ಲು ಕೆತ್ತಿ, ಹುಬ್ಬಿನ ತನಕ ಬೂದು ಪುಡಿ ಹೊತ್ತು ಬರುತ್ತಿದ್ದ. ನನಗೆ ಹೇಳಬೇಕಾದ್ದನ್ನು ಅವ್ವನಿಗೆ ಹೇಳುತ್ತಿದ್ದ, ನಾನು ಎದುರಿಗೇ ನಿಂತಿರುತ್ತಿದ್ದೆ. “ಅವನಿಗೆ ಹೇಳು, ಎತ್ತಿಗೆ ನೀರು ಕುಡಿಸಂತ.” ನಾನೂ ಅವ್ವನಿಗೇ ಉತ್ತರ ಕೊಡುತ್ತಿದ್ದೆ. ಅವ್ವ ಇಬ್ಬರ ನಡುವೆ ಟಪಾಲಿನವಳು. ಸಂಜೆ ಸ್ವಲ್ಪ ಹಿಂದೆ ಮುಂದೆ ಇಬ್ಬರೂ ಮನೆಗೆ ಬಂದಾಗ ಅವಳು ಯಾರನ್ನೂ ನೋಡದೆ, “ಮನೀ ತುಂಬ ಈಚಲ ಬನ ಆಗ್ಯದ ನೋಡು,” ಎಂದು ಒಲೆಗೆ ಹೇಳಿಕೊಳ್ಳುತ್ತಿದ್ದಳು.

ಅದೇ ಅಪ್ಪ ತಟ್ಟಿಯ ಆಚೆ ಬೇರೆಯೇ ಮನುಷ್ಯ. ನಗಿಸುತ್ತಿದ್ದ, ಕೆಣಕುತ್ತಿದ್ದ, ಹಾಡಿನ ಸೊಲ್ಲು ಎತ್ತುತ್ತಿದ್ದ. “ಮಲಗಿದಾಗ ಹೈದ್ರಾಬಾದಿನಾಗ ಇದ್ದೆ, ಎದ್ದಾಗ ಮೈಸೂರಿನಾಗ ಇದ್ದೆ. ರೈಲಿನ ತಿಕೀಟೂ ತೆಗಸಲಿಲ್ಲ,” ಎನ್ನುತ್ತಿದ್ದ ಅವನ ಮಾತಿಗೆ ಪ್ರತಿ ಸಲವೂ ಅಷ್ಟೇ ನಗು. ಆಮೇಲೆ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟಾಗ, “ಈ ಸಲ ಹಾಸಿಗಿ ಸುದ್ದಾ ಬದಲಿ ಮಾಡಲಿಲ್ಲ ನೋಡ್ರಿ,” ಎಂದು ಸೇರಿಸಿದ. ನನಗೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಸುದ್ದಿಗೆ ಮನೆಯಲ್ಲಿ ಅಪ್ಪ ಹೂಂ ಎಂದು ಎದ್ದು ಹೋಗಿದ್ದ. ಅದೇ ಸಂಜೆ ಆಚೆಯಿಂದ ಕೇಳಿಸಿತು: “ನಾ ಕಲ್ಲು ಒಡದೆ, ನನ್ನ ಮಗ ಕಲ್ಲು ಅರೀತಾನ. ಹಿಟ್ಟಿನಂಗ ಅರೀತಾನಂತ!” ಆ ಧ್ವನಿಯಲ್ಲಿದ್ದ ಹೆಮ್ಮೆಯನ್ನು ನಾನು ಮಗಿಯ ತಳ ಕಾಣುವ ತನಕ ಹೀರಿದೆ. ಅಪ್ಪನ ಮಾತು ನನಗೆ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಕುಡಿಯಲು ಹೋಗುತ್ತಿದ್ದೆನೋ ಕೇಳಲು ಹೋಗುತ್ತಿದ್ದೆನೋ, ಇವತ್ತು ಬೇರೆ ಮಾಡಿ ಹೇಳಲಾರೆ.

ನನ್ನ ಮೊದಲ ಮಗಳು ಜ್ವರದಲ್ಲಿ ಹೋದಳು. ಇನ್ನೂ ಅಂಬೆಗಾಲು. ಮಣ್ಣು ಮಾಡಿ ಬಂದ ಮೇಲೆ ಅಪ್ಪ ನನ್ನ ಮುಖ ನೋಡಲಿಲ್ಲ, ಒಂದು ಮಾತು ಆಡಲಿಲ್ಲ. ಮರುದಿನ ಖಣಿಯಿಂದ ಒಂದು ಸಣ್ಣ ಕಲ್ಲು ತಂದು, ಅಂಚು ನುಣುಪು ಮಾಡಿ, ತಾನೇ ಹೋಗಿ ಇಟ್ಟು ಬಂದ. ನನಗೆ ಕಲ್ಲು ಬೇಕಿರಲಿಲ್ಲ. ಹೆಗಲ ಮೇಲೆ ಒಂದು ಕೈ ಬೇಕಿತ್ತು. ಎಂಥ ಮನುಷ್ಯ ಇವನು, ಕಲ್ಲು ಕೆತ್ತಿ ಕೆತ್ತಿ ಕಲ್ಲೇ ಆಗಿಬಿಟ್ಟನಾ ಎಂದು ಒಳಗೊಳಗೇ ಕುದಿದೆ.

ಕೆಲವು ದಿನ ಬಿಟ್ಟು ದುಕಾನಿಗೆ ಹೋದೆ. ಜೊತೆಯವರು ಸರಿದು ಜಾಗ ಬಿಟ್ಟರು. ಆಚೆ ಅಪ್ಪ ಬಂದು ಕೂತ ಸಪ್ಪಳವಾಯಿತು. ಆಮೇಲೆ ತಟ್ಟಿ ಕುಟ್ಟಿದ ಸದ್ದು.

“ಆಚೀ ಕಡಿ ಯಾರರ ಅದಾರೇನು?”

ಅಪ್ಪನ ಧ್ವನಿ. ಎಲ್ಲರೂ ನನ್ನನ್ನೇ ನೋಡಿದರು. ನಾನೊಬ್ಬನೇ ಹೇಳಿದೆ: “ಯಾರೂ ಇಲ್ರಿ.”

“ಯಾರೂ ಇಲ್ಲಂದ್ರ ಹೇಳಾಕ ಏನಡ್ಡಿ,” ಎಂದ ಅಪ್ಪ. “ನನ್ನ ಈ ಮಗನಕಿಂತ ಮುಂಚೆ ನನಗೊಂದು ಗಂಡು ಕೂಸು ಇತ್ತು. ಇವಂಗ ಗೊತ್ತಿಲ್ಲ, ಇವರವ್ವ ಹೇಳಿಲ್ಲ. ಹಲ್ಲು ಬಂದಿದ್ದವು. ನಾನೇ ಟವಲಿನಾಗ ಸುತ್ಕೊಂಡು ಹೊತ್ತು ಒಯ್ದೆ. ಆ ದಾರಿ ಇವತ್ತಿಗೂ ತುಳಿಯಂಗಿಲ್ಲ ನಾ. ಕೆರಿ ಮ್ಯಾಲಿಂದ ಸುತ್ತು ಹಾಕಿ ಖಣಿಗಿ ಹೋಗ್ತೀನಿ. ಮಂದಿ ಮರೀತದ ಮರೀತದ ಅಂತಾರ. ಮರಿಯಂಗಿಲ್ಲ. ಖರೇ ಹೇಳ್ತೀನಿ, ಮರಿಯಂಗಿಲ್ಲ. ಆದ್ರ ಅದರ ಜೋಡಿನೇ ಉಣ್ಣಾಕ ಬರ್ತದ, ನಗಾಕ ಬರ್ತದ. ಒಂದೀಟು ದಿನ ಹಿಡೀತದ, ಅಷ್ಟೇ.”

ಖಣಿಗೆ ನೆಟ್ಟನೆಯ ದಾರಿ ಇದ್ದರೂ ಅಪ್ಪ ಕೆರೆ ಸುತ್ತಿ ಹೋಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಹಳೆಯ ರೂಢಿ ಎಂದುಕೊಂಡಿದ್ದೆ. ಚಿಗವ್ವ ಮುತ್ತಲ ಎಲೆಯ ತುಂಬ ಕಡಲೆ ಗುಗ್ಗರಿ ತಂದು ನನ್ನ ಮುಂದಿಟ್ಟು, “ಆಚೀ ಕಡೀಂದ ಬಂದದ, ತಿನ್ನು ತಮ್ಮಾ,” ಎಂದಳು. ನಾನು ತಟ್ಟಿಗೆ ಬೆನ್ನು ಒರಗಿಸಿ ಅತ್ತೆ. ಆಚೆ ಅದೇ ಜಾಗಕ್ಕೆ ಇನ್ನೊಂದು ಬೆನ್ನು ಒರಗಿ ಕಟ್ಟಿಗೆ ಕರಕರ ಎಂದದ್ದು ನನಗೆ ಕೇಳಿಸಿತು.

ದುಕಾನು ಹೋದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಶೇಂದಿಯ ಹರಾಜು ದೊಡ್ಡವರ ಕೈಗೆ ಬಿತ್ತು. ಹೊಸ ಗುತ್ತೇದಾರ ಈಚಲ ಚಪ್ಪರ ಕಿತ್ತು ತಗಡಿನ ಶೆಡ್ಡು ಹಾಕಿದ. ಸಾಲಾಗಿ ಬೆಂಚು, ಗಡಿಗೆಯ ಬದಲು ಡ್ರಮ್ಮು, ಮಗಿಯ ಬದಲು ಬಾಟಲಿ. ಗಿಡದ ಹಾಲು ಹೆಸರಿಗಷ್ಟೇ, ಉಳಿದದ್ದು ನೀರು, ಸ್ಯಾಕರಿನ್ನು, ಮತ್ತು ಏನೋ ಒಂದು ಪುಡಿ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದನ್ನು ಕುಡಿದವರು ಮಾತಾಡುತ್ತಿರಲಿಲ್ಲ, ಕಣ್ಣು ನೆಟ್ಟು ಕೂರುತ್ತಿದ್ದರು. ಚಿಗವ್ವನನ್ನು ಹೊರಗೆ ಹಾಕಿದರು. ಅವಳು ಜಗಳವಾಡಲಿಲ್ಲ. ತಟ್ಟಿಯನ್ನು ಮಾತ್ರ ಗೂಟದಿಂದ ಬಿಚ್ಚಿಸಿ, “ಇದು ಗುತ್ತೇದಾರಂದಲ್ಲ, ನಂದು,” ಎಂದು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ನಡೆದಳು.

ನಾನು ಮೊದಲ ದಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಈ ಮೂಲೆಯಿಂದ ಆ ಮೂಲೆಗೆ ಎಲ್ಲವೂ ಬಯಲು. ನಾನು ಇಲ್ಲಿ ಕೂತರೆ, ಅಪ್ಪ ಬಂದವನು ಬಾಗಿಲಲ್ಲೇ ನನ್ನನ್ನು ನೋಡಿ ತಿರುಗಿ ಹೋಗಬೇಕು. ದಿನವಿಡೀ ಕಲ್ಲಿಗೆ ಬಡಿದುಕೊಂಡ ಮುದುಕನಿಗೆ ಸಂಜೆಯ ಒಂದು ಮಗಿಯನ್ನೂ ತಪ್ಪಿಸಲೇ? ಕುಡಿಯಲು ಬಾಯಾರಿದ್ದರೂ ಅಂದೇ ತೀರ್ಮಾನಿಸಿದೆ, ಇನ್ನು ಇದು ಅಪ್ಪನ ಜಾಗ. ಆಮೇಲೆ ನಾನು ಆ ಕಡೆ ಹಾಯಲಿಲ್ಲ. ಸಂಜೆ ಫ್ಯಾಕ್ಟರಿಯಿಂದ ಹೊರಟು ವಾಡಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕೂತು, ಚಹಾ ಕುಡಿದು, ಹೋಗುವ ಬರುವ ಗಾಡಿ ನೋಡುತ್ತಿದ್ದೆ. ಹಿರಿಯರು ಮನೆ ಮುಟ್ಟಿರಬಹುದಾದ ಹೊತ್ತು ನೋಡಿ ಏಳುತ್ತಿದ್ದೆ.

ಅಪ್ಪ ಕೂಡ ಮೊದಲಿನಂತೆಯೇ ಸಂಜೆ ಹೊರಗೆ ಹೋಗುತ್ತಿದ್ದ, ಮೊದಲಿನ ಹೊತ್ತಿಗೇ ಬರುತ್ತಿದ್ದ. ಅವ್ವ ಒಲೆಯ ಮುಂದೆ ಕೂತು, “ಈಗಿನ ಶೇಂದಿಗಿ ವಾಸನಿನೇ ಇಲ್ಲೇನು?” ಎಂದಳು ಒಂದು ದಿನ. ಪುಡಿಗೆ ಎಲ್ಲಿಯ ವಾಸನೆ ಎಂದುಕೊಂಡೆ. ಅಪ್ಪ ದಿನವೂ ಆ ವಿಷ ಕುಡಿಯುತ್ತಿದ್ದಾನೆ. ಹೇಳುವುದು ಹೇಗೆ? ಹೇಳಿದರೆ ನೀನು ಕುಡಿಯುವುದು ನನಗೆ ಗೊತ್ತು ಎಂದು ಮುಖಕ್ಕೆ ಹೇಳಿದಂತೆ. ಅವ್ವನಿಗೆ ಹೇಳು ಎಂದರೆ ಅವಳು, “ಇಷ್ಟು ವರ್ಷ ನಿಮ್ಮ ಮಾತು ಹೊತ್ತು ಹೊತ್ತು ಸಾಕಾಗ್ಯದ. ಇದೊಂದು ನೀನೇ ಹೇಳು,” ಎಂದಳು. ನನ್ನಿಂದ ಆಗಲಿಲ್ಲ. ತಟ್ಟಿ ಹೋದ ಮೇಲೆ ನಮ್ಮಿಬ್ಬರಿಗೆ ಮಾತಾಡುವ ಜಾಗವೇ ಇರಲಿಲ್ಲ. ಅವನ ಒಂದು ನಗು, ಒಂದು ಚೇಷ್ಟೆಯ ಮಾತು ಕೇಳದೆ ತಿಂಗಳುಗಳು ಹೋದವು. ಒಂದೇ ಮನೆಯಲ್ಲಿದ್ದು ಅಪ್ಪನನ್ನು ನೆನೆಸಿಕೊಂಡು ಹಂಬಲಿಸಿದವನು ನಾನೊಬ್ಬನೇ ಇರಬೇಕು.

ಅಪ್ಪ ಸೊರಗತೊಡಗಿದ. ನಾಲ್ಕು ಹೆಜ್ಜೆಗೆ ದಮ್ಮು, ಕೆಮ್ಮಿದರೆ ಮುಖ ಕಪ್ಪಿಡುತ್ತಿತ್ತು. ಪುಡಿಯ ಕೆಲಸವೇ ಇದು ಎಂದು ನನಗೆ ಖಾತ್ರಿಯಾಯಿತು. ಕೊನೆಗೆ ಗುಲಬರ್ಗಾದ ದವಾಖಾನೆಗೆ ಕರೆದುಕೊಂಡು ಹೋದೆ. ವಯಸ್ಸಾದ, ಸಮಾಧಾನದ ಡಾಕ್ಟರು. ಎದೆ ತಟ್ಟಿ ನೋಡಿ, “ಕುಡೀತಾರೇನು?” ಎಂದು ನನ್ನನ್ನು ಕೇಳಿದರು.

ಈಗಲಾದರೂ ಹೇಳಲೇಬೇಕು ಎಂದು ನೆಲ ನೋಡುತ್ತಾ ಹೇಳಿದೆ: “ಹೌದ್ರಿ. ದಿನಾ. ಆ ಹೊಸ ಶೆಡ್ಡಿನ ಶೇಂದಿ.”

“ಇಲ್ರಿ ಸಾಹೇಬ್ರ,” ಎಂದ ಅಪ್ಪ, ಡಾಕ್ಟರ ಕಡೆ ತಿರುಗಿ. “ನಾ ಬಿಟ್ಟು ಭಾಳ ದಿನ ಆಯ್ತು.”

“ಯಾಕ ಬಿಟ್ಟಿ?”

“ತಟ್ಟಿ ತೆಗದ್ರು.”

“ಯಾವ ತಟ್ಟಿ?”

ಅಪ್ಪ ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. “ಅಲ್ಲಿ ನನ್ನ ಮಗ ಬರ್ತಾನ್ರಿ. ಧೂಳಿನಾಗ ದುಡಿದು ದಣಿದು ಬರ್ತಾನ. ನಾ ಕುಂತಿದ್ರ ಅವ ತಿರುಗಿ ಹೋಗ್ತಾನ. ಅದಕ್ಕ ನಾನೇ ಹೋಗಾದು ಬಿಟ್ಟೆ. ಸಂಜೀಕ ಖಣಿಯಾಗ ಕಲ್ಲಿನ ಮ್ಯಾಲ ಕುಂತು ಬರ್ತೀನಿ.”

ನಾನೂ ಡಾಕ್ಟರಿಗೇ ಹೇಳಿದೆ, ಬೇರೆ ಯಾರಿಗೆ ಹೇಳಲಿ: “ನಾನೂ ಹೋಗಿಲ್ರಿ. ಅಂದಿನಿಂದ ಒಂದು ದಿನಾನೂ ಹೋಗಿಲ್ರಿ.”

ಅಪ್ಪ ತಲೆ ಹೊರಳಿಸಿ ನನ್ನನ್ನು ನೋಡಿದ. ಅಷ್ಟು ಹತ್ತಿರದಿಂದ, ಅಷ್ಟು ನೇರವಾಗಿ ಅವನು ನನ್ನನ್ನು ನೋಡಿದ್ದು ಅದೊಂದೇ ಸಲ. ಆಮೇಲೆ ನಗತೊಡಗಿದ. ತಟ್ಟಿಯ ಆಚೆಯಿಂದ ನಾನು ಕೇಳುತ್ತಿದ್ದ ಅದೇ ನಗು. ಆ ನಗುವಿಗೆ ಅವನ ಮುಖ ಹೇಗಾಗುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಣ್ಣು ಪೂರ್ತಿ ಮುಚ್ಚಿಹೋಗುತ್ತಿದ್ದವು, ಕೆಳಗಿನ ಹಲ್ಲೊಂದು ವಾರೆಯಾಗಿ ಕಾಣುತ್ತಿತ್ತು. ನಗು ಕೆಮ್ಮಾಗಿ ತಿರುಗಿತು, ಡಾಕ್ಟರು ಹಿಡಿದು ಮಲಗಿಸಿದರು. ಎದೆಯಲ್ಲಿ ಕಲ್ಲಿನ ಪುಡಿ ಕೂತಿದೆ, ಶೇಂದಿಗೂ ಇದಕ್ಕೂ ಸಂಬಂಧವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅದರ ಅರ್ಥ ನನಗೆ ಆಯಿತು.

ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತು ಲೆಕ್ಕ ಹಾಕಿದೆ. ಎಷ್ಟು ಸಂಜೆಗಳನ್ನು ಒಬ್ಬರಿಗೊಬ್ಬರು ಬಿಟ್ಟುಕೊಟ್ಟೆವು, ಇಬ್ಬರಿಗೂ ದಕ್ಕದೆ ಹೋದವು. ನಾನು ಪ್ಲಾಟ್‌ಫಾರ್ಮಿನಲ್ಲಿ, ಅಪ್ಪ ಕಲ್ಲಿನ ಮೇಲೆ. ಇಂಥ ಮರ್ಯಾದೆಗೆ ಏನು ಹೇಳಬೇಕು? ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ, ಜೊತೆಗೇ ಅವನ ಮೇಲೆ ಪ್ರೀತಿ ಉಕ್ಕುತ್ತದೆ.

ಅಪ್ಪನಿಗೆ ಒಂದು ಸಲ ನಿಜವಾದ ಶೇಂದಿ ಕುಡಿಸಬೇಕೆಂದು ಚಿಗವ್ವನ ಮನೆಗೆ ಹೋದೆ. ಚಿಂಚೋಳಿಯ ಗುಡ್ಡದ ಕಡೆ ಅವಳ ತಮ್ಮನೊಬ್ಬ ಇನ್ನೂ ಗಿಡ ಹತ್ತುತ್ತಾನೆ ಎಂದಳು. ನಾನು ಹಿಂದಿನ ದಿನವೇ ಹೋಗಿ ಉಳಿದುಕೊಂಡೆ. ಬೆಳಗ್ಗೆ ಇಳಿಸಿದ ಗಡಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಸೇಡಂ ಬರುವ ಹೊತ್ತಿಗೆ ಗುಳುಗುಳು ಶುರುವಾಯಿತು, ಚಿತ್ತಾಪುರ ದಾಟುವಾಗ ನೊರೆ ಬಟ್ಟೆಯನ್ನು ಎತ್ತಿ ಹೊರಗೆ ಬಂತು. ಕಂಡಕ್ಟರ್ ಮೂಗು ಎಳೆದು, “ಏನ್ರಿ ಇದು, ಜೀವ ಐತೇನು ಅದರಾಗ?” ಎಂದ. ಐತೆ ಎಂದೆ.

ಮನೆಗೆ ಬಂದಾಗ ಇಳಿ ಮಧ್ಯಾಹ್ನ. ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಗಡಿಗೆ ಕೆಳಗಿಟ್ಟೆ. ಈಗ ಏನು ಮಾಡುವುದು? ಎದುರಿಗೆ ಕೂರಲು ನನಗೆ ಧೈರ್ಯವಿಲ್ಲ, ಕೂರು ಎನ್ನಲು ಅವನಿಗೆ ಬಾಯಿಲ್ಲ. ಇಬ್ಬರೂ ಗಡಿಗೆ ನೋಡುತ್ತಾ ಉಳಿದೆವು. ಆಗ ಅವ್ವ ಒಳಗಿನಿಂದ ತನ್ನ ಇಳಕಲ್ ಸೀರೆ ತಂದಳು. ಪಡಸಾಲೆಯ ಎರಡು ಕಂಬಕ್ಕೆ ಅದನ್ನು ಬಿಗಿದು ಕಟ್ಟಿದಳು. “ಕುಡೀರಿ,” ಎಂದು ಎರಡು ಮಗಿ ತುಂಬಿ, ಸೀರೆಯ ಆಚೆಗೊಂದು, ಈಚೆಗೊಂದು ಇಟ್ಟು ಒಳಗೆ ಹೋದಳು.

ಮೊದಲ ಗುಟುಕು. ಬಸ್ಸಿನ ಕುಲುಕಾಟಕ್ಕೆ ಹುಳಿ ಏರಿತ್ತು, ಆದರೂ ತಳದಲ್ಲಿ ಬೆಳಗಿನ ಸಿಹಿ ಇನ್ನೂ ಇತ್ತು. ಆಚೆ ಅಪ್ಪ ನಾಲಿಗೆ ಚಪ್ಪರಿಸಿದ. ತುಸು ಹೊತ್ತಿಗೆ ಸೀರೆ ಅಲುಗಾಡಿತು. ಕುಟ್ಟಲು ಕಟ್ಟಿಗೆ ಇರಲಿಲ್ಲ, ಬೆರಳಿನಿಂದ ತಳ್ಳಿದ್ದ.

“ಆಚೀ ಕಡಿ ಯಾರರ ಅದಾರೇನು?”

“ಯಾರೂ ಇಲ್ರಿ.”

“ಯಾರೂ ಇಲ್ಲಂದ್ರ ಹೇಳಾಕ ಏನಡ್ಡಿ.” ಅವನು ನಿಲ್ಲಿಸಿ ನಿಲ್ಲಿಸಿ ಹೇಳಿದ. “ನನಗೊಬ್ಬ ಮಗ ಅದಾನ. ನನ್ನ ಸಲುವಾಗಿ ಕುಡಿಯಾದು ಬಿಟ್ಟ. ಹುಚ್ಚಪ್ಯಾಲಿ ಅದಾನ. ಅವರಪ್ಪನೂ ಹುಚ್ಚಪ್ಯಾಲಿನೇ. ಅಂವ ಆಚೀ ಕಡಿ ಕುಂತಿರ್ತಿದ್ದ ನೋಡ್ರಿ, ಅದಕ್ಕೇ ನಾ ಅಷ್ಟು ಮಾತಾಡತಿದ್ದೆ. ಇಲ್ಲಂದ್ರ ನನಗ ಎಲ್ಲಿ ಮಾತು ಬರ್ತಾವ?”

ಯಾರೂ ಇಲ್ಲದವನು ಏನು ಹೇಳಬಲ್ಲ? ಕಣ್ಣೀರು ಮಗಿಯೊಳಗೆ ಬಿದ್ದರೂ ಕುಡಿಯುತ್ತಾ ಕೂತೆ. ಅವನ ಮಗಿ ಅರ್ಧಕ್ಕೇ ನಿಂತಿತ್ತು. ಅವನಿಗೆ ನಿದ್ದೆ ಹತ್ತಿತು. ಹಿರಿಯರು ಏಳುವ ತನಕ ಹುಡುಗರು ಏಳಬಾರದಲ್ಲ, ನಾನು ಹಾಗೇ ಸೀರೆಯ ಈಚೆ ಅವನ ಉಸಿರು ಕೇಳುತ್ತಾ ಬಹಳ ಹೊತ್ತು ಕೂತಿದ್ದೆ. ಆ ವಾರದೊಳಗೆ ಅಪ್ಪ ತೀರಿಕೊಂಡ.

ದಿನಗಳು ಮುಗಿದ ಮೇಲೆ ಚಿಗವ್ವ ಹೇಳಿ ಕಳಿಸಿದಳು. ಅವಳ ಅಂಗಳಕ್ಕೆ ಹೋದಾಗ ಬೇವಿನ ಮರದ ಕೆಳಗೆ ಆ ಹಳೆಯ ತಟ್ಟಿಯನ್ನು ಎರಡು ಗೂಟ ನೆಟ್ಟು ನಿಲ್ಲಿಸಿದ್ದಳು. ಸೆಗಣಿ ಉದುರಿ ಕಟ್ಟಿಗೆ ಅಲ್ಲಲ್ಲಿ ಬಯಲಾಗಿತ್ತು. ತಟ್ಟಿಯ ಎರಡೂ ಮಗ್ಗುಲಿಗೆ ಒಂದೊಂದು ಫರ್ಸಿ ಕಲ್ಲು. ನಾನು ಕಾಲು ಹೋದಂತೆ ಈಚೆಯ ಕಲ್ಲಿನ ಕಡೆ ನಡೆದೆ.

“ಅಲ್ಲಲ್ಲ ತಮ್ಮಾ,” ಎಂದಳು ಚಿಗವ್ವ. “ಹಿರೇರು ಯಾರೂ ಉಳಿದಿಲ್ಲ ಕರಿಯಾಕ. ಅದಕ್ಕ ನಾನೇ ಕರಿಯಾಕತ್ತೀನಿ. ಬಾ, ಇನ್ ಈ ಕಡಿ ಬಾ.”

ತಟ್ಟಿ ಸುತ್ತಿ ಹೋದೆ. ನಾಲ್ಕೇ ಹೆಜ್ಜೆ ಇರಬಹುದು, ಜೀವಮಾನದಲ್ಲಿ ಅಷ್ಟು ದೂರ ನಾನು ನಡೆದಿಲ್ಲ. ಆ ಕಡೆ ಕಟ್ಟಿಗೆಯ ಮೇಲೆ, ಕೂತವನ ಬೆನ್ನು ಒರಗುವ ಎತ್ತರದಲ್ಲಿ, ಬೂದು ಬಣ್ಣದ ಒಂದು ಮಚ್ಚೆ ಇತ್ತು. ಕಲ್ಲಿನ ಪುಡಿ ಬೆವರಿನಲ್ಲಿ ಕಲೆತು ಅಂಟಿದ್ದು. ನಾನು ಅಲ್ಲಿ ಕೂತೆ, ಅಲ್ಲೇ ಒರಗಿದೆ. ಚಿಗವ್ವ ಮಗಿ ತುಂಬಿ ಕೈಗೆ ಕೊಟ್ಟು, “ಕೇಳು,” ಎಂದಳು.

ತಟ್ಟಿಗೆ ಬೆರಳಿನಿಂದ ಕುಟ್ಟಿದೆ.

“ಆಚೀ ಕಡಿ ಯಾರರ ಅದಾರೇನು?”

ಯಾರೂ ಇಲ್ಲ ಎನ್ನಲು ಅಲ್ಲಿ ಯಾರೂ ಇರಲಿಲ್ಲ. ಬೇವಿನ ಎಲೆ ಉದುರುತ್ತಿತ್ತು. ಆಮೇಲೆ ಚಿಗವ್ವ ಸೆರಗು ಬಾಯಿಗೊತ್ತಿಕೊಂಡು, ಮೆಲ್ಲಗೆ ತಟ್ಟಿ ಸುತ್ತಿ ಈಚೆಯ ಕಲ್ಲಿನ ಮೇಲೆ, ಹುಡುಗರ ಕಡೆ, ಹೋಗಿ ಕೂತಳು.

“ಯಾರೂ ಇಲ್ರಿ,” ಎಂದಳು.